ನಡುವಿನ ಪುಸ್ತಕದ ಗೋಳು

ಪ್ರ: ಮೇಡಂ, ದಿನಾ ಮಂಡ್ಯದಿಂದ ಮೈಸೂರಿಗೆ ರೈಲಿನಲ್ಲಿ ಕೆಲಸಕ್ಕೆ ಹೋಗಿಬರುತ್ತೇನೆ. ರೆಬೆಕ್ಕಾ ಯಾರೋಸ್ ಅವರ ಡ್ರ್ಯಾಗನ್ ಸರಣಿಯ ಮೊದಲೆರಡು ಪುಸ್ತಕ ರೈಲಲ್ಲೇ ಮುಗಿಸಿದೆ. ‘ಫೋರ್ತ್ ವಿಂಗ್’ ಓದುತ್ತಾ ಒಂದು ಸಂಜೆ ಮಂಡ್ಯ ದಾಟಿ ಮದ್ದೂರಿನಲ್ಲಿ ಇಳಿದೆ! ಮೂರನೆಯ ‘ಆನಿಕ್ಸ್ ಸ್ಟಾರ್ಮ್’ ಮಾತ್ರ ಮುಂದೆ ಹೋಗುತ್ತಿಲ್ಲ. ಗೆಳತಿಯರು ಅದೇ ಬೆಸ್ಟ್ ಅಂತಾರೆ. ತೊಂದರೆ ನನ್ನಲ್ಲೇ ಇದೆಯಾ?
— ಹೆಸರು ಬೇಡ, ಮಂಡ್ಯ

ಉ: ನನ್ನ ಮಗಳ ವಯಸ್ಸು ಇರಬೇಕು ನಿನಗೆ, ಹಾಗಾಗಿ ಏಕವಚನ. ತೊಂದರೆ ನಿನ್ನಲ್ಲಿಲ್ಲ ಕಣಮ್ಮ.

ಐದು ಪುಸ್ತಕದ ಸರಣಿಯಲ್ಲಿ ಇದು ನಟ್ಟನಡುವಿನದು. ಮೊದಲೆರಡೂ 2023ರಲ್ಲೇ ಬಂದವು, ಇದು 2025ರ ಜನವರಿಯಲ್ಲಿ. ಮೊದಲ ವಾರವೇ 27 ಲಕ್ಷ ಪ್ರತಿ ಖರ್ಚಾಯಿತು. ಕೊಂಡವರೆಲ್ಲ ಓದಿ ಮುಗಿಸಿದರು ಅಂತೇನಲ್ಲ, ಅಲ್ವಾ?

ಎರಡನೆಯದು ಓದದವರು ಮುಂದಿನ ಎರಡು ಸಾಲು ಹಾರಿಸಿ. ಕಥೆಯ ನಾಯಕ ಝೇಡನ್ ಯಾರ ವಿರುದ್ಧ ಕಾದಾಡುತ್ತಿದ್ದನೋ, ಕೊನೆಗೆ ಅವರಲ್ಲೇ ಒಬ್ಬನಾಗಿದ್ದಾನೆ. ನೆಲದ ಶಕ್ತಿ ಹೀರುವವನು. ಪ್ರೀತಿಸಿದವನು ಹೀಗಾದರೆ ನಾಯಕಿ ವಯಲೆಟ್ ಅವನ ಪಕ್ಕದಲ್ಲಿ ನೆಮ್ಮದಿಯಾಗಿ ನಿದ್ದೆ ಮಾಡುವುದು ಹೇಗೆ? ಇಂಥ ಪ್ರಶ್ನೆ ಕೈಯಲ್ಲಿಟ್ಟುಕೊಂಡು ಲೇಖಕಿ ನಮ್ಮನ್ನು ದ್ವೀಪದಿಂದ ದ್ವೀಪಕ್ಕೆ ಟೂರು ಕರೆದುಕೊಂಡು ಹೋಗುತ್ತಾರೆ. ಹೊಸ ಊರು, ಹೊಸ ಜನ, ಹೊಸ ಕಾನೂನು. ಹೆಸರುಗಳು ಮರೆಯಬಾರದು ಅಂತ ನಾನು ಹಾಲಿನ ಲೆಕ್ಕದ ಪುಸ್ತಕದ ಹಿಂದೆ ಬರೆದಿಟ್ಟುಕೊಂಡಿದ್ದೆ. ನಡುವಿನ ಪುಸ್ತಕದಲ್ಲಿ ಏನೂ ನಡೆಯಲ್ಲ ಅಂತ ಎಲ್ಲರೂ ಬಯ್ಯುತ್ತಾರೆ. ನನ್ನ ದೂರು ಉಲ್ಟಾ. ತುಂಬಾ ಜಾಸ್ತಿ ನಡೆಯುತ್ತದೆ. ಆ ಇಬ್ಬರಿಗೆ ಕೂತು ಮಾತಾಡಲು ಪುರುಸೊತ್ತೇ ಇಲ್ಲ.

ಸರಸ್ವತಿಪುರಂನಲ್ಲಿ ಇಪ್ಪತ್ತು ವರ್ಷ ಬಾಡಿಗೆ ಲೈಬ್ರರಿ ಇಟ್ಟಿದ್ದೆ. ಪುಸ್ತಕ ವಾಪಸ್ ಬಂದಾಗ ಮೊದಲು ಹಾಳೆಗಳ ಅಂಚು ನೋಡುತ್ತಿದ್ದೆ. ಒಂದು ಕಾದಂಬರಿಯಲ್ಲಿ ಯಾರೋ ಪೆನ್ಸಿಲ್‌ನಲ್ಲಿ ಬರೆದಿದ್ದರು: “ಇಲ್ಲಿಂದ ಸೀದಾ 140ಕ್ಕೆ ಹೋಗಿ.” ಅದರ ಕೆಳಗೆ ಬೇರೆ ಕೈಬರಹ: “ಹೋಗಬೇಡಿ. 128ರಲ್ಲಿ ಅವನ ಕಾಗದ ಬರುತ್ತೆ.” ರಬ್ಬರ್ ಹಿಡಿದುಕೊಂಡೇ ಕೂತಿದ್ದೆ, ಅಳಿಸಲು ಮನಸ್ಸಾಗಲಿಲ್ಲ. ದ್ವೀಪಗಳನ್ನು ನೀನೂ ಹಾರಿಸು, ಆದರೆ ನಿಧಾನವಾಗಿ ಪುಟ ತಿರುವುತ್ತಾ ಹಾರಿಸು. ಇವರಿಬ್ಬರೇ ಇರುವ ಕಡೆ ನಿಲ್ಲು.

ಪ್ರ: ಹದಿನಾಲ್ಕು ವರ್ಷದ ಮಗಳು ಇದೇ ಸರಣಿ ಬೇಕು ಅಂತ ಹಟ ಹಿಡಿದಿದ್ದಾಳೆ. ಕೊಡಿಸಲೇ?
— ಓದುಗರು, ಕುವೆಂಪುನಗರ

ಉ: ಡ್ರ್ಯಾಗನ್ ನೋಡಿ ಮಕ್ಕಳ ಪುಸ್ತಕ ಅಂದುಕೊಳ್ಳಬೇಡಿ. ಇದು ದೊಡ್ಡವರಿಗೆ ಬರೆದದ್ದು. ಕೋಣೆಯ ಬಾಗಿಲು ಹಾಕಿದ ಮೇಲೂ ಲೇಖಕಿ ಆಚೆ ಬರುವುದಿಲ್ಲ. ಇನ್ನು ನಾಲ್ಕು ವರ್ಷ ಕಾಯಲಿ.

ಪ್ರ: ಪ್ರೀತಿ, ಮಾಯೆ ಎರಡೂ ಇರುವ ಕಥೆ ನಮ್ಮಲ್ಲಿ ಇಲ್ಲವೇ?
— ಓದುಗರು, ಶ್ರೀರಂಗಪಟ್ಟಣ

ಉ: ‘ಕಾದಂಬರಿ’ ಎಂಬ ಮಾತೇ ಅಂಥ ಒಂದು ಕಥೆಯಿಂದ ಬಂದದ್ದು! ಬಾಣ ಸಂಸ್ಕೃತದಲ್ಲಿ ಶುರು ಮಾಡಿದ, ಮುಗಿಸುವ ಮೊದಲೇ ತೀರಿಕೊಂಡ, ಉಳಿದದ್ದನ್ನು ಮಗ ಬರೆದ. ನಮ್ಮ ನಾಗವರ್ಮ ಅದನ್ನು ಹಳಗನ್ನಡಕ್ಕೆ ತಂದ. ಕಥೆ ಹೇಳುವುದು ಒಂದು ಗಿಳಿ. ರಾಜಕುಮಾರನಾಗಿ ಹುಟ್ಟಿರುವವನು ಸಾಕ್ಷಾತ್ ಚಂದ್ರ.

ನಡುವೆ ಮಹಾಶ್ವೇತೆ ಬರುತ್ತಾಳೆ. ಅಚ್ಛೋದ ಸರೋವರದ ದಡದ ಗುಡಿಯಲ್ಲಿ ವೀಣೆ ಹಿಡಿದು ಹಾಡುತ್ತಾ ಕೂತಿದ್ದಾಳೆ. ಅವಳ ಪುಂಡರೀಕ ಸತ್ತಿದ್ದಾನೆ. ಆಕಾಶದಿಂದ ಇಳಿದ ಒಬ್ಬ, ದೇಹ ಎತ್ತಿಕೊಂಡು ಹೋಗುವಾಗ, ಮತ್ತೆ ಸೇರುತ್ತೀರಿ ಅಂದಿದ್ದಾನೆ. ಅಷ್ಟೇ. ಅವಳು ಎಲ್ಲೂ ಹೋಗುವುದಿಲ್ಲ, ಕಾಯುತ್ತಾಳೆ. ಆದರೂ ಪುಟ ಬಿಡಲಾಗುವುದಿಲ್ಲ.

ಹಳಗನ್ನಡ ಕಷ್ಟ ಅಂತ ನಾನು ಹೊಸಗನ್ನಡದ ಗದ್ಯದಲ್ಲೇ ಓದಿದೆ, ಕುಕ್ಕರಹಳ್ಳಿ ಕೆರೆ ಏರಿಯ ಬೆಂಚಿನ ಮೇಲೆ. ಗೇಟು ಹಾಕುವ ಹೊತ್ತಾಯಿತು ಅಂತ ಕಾವಲಿನವನು ಬಂದು ಎಬ್ಬಿಸಿದ. ಪುಂಡರೀಕ ಇನ್ನೂ ಬಂದಿರಲಿಲ್ಲ.