ಕಿಲ್ ಮೈನಸ್ 9 ಕೊಟ್ಟರೂ 'ಡಿಫಂಕ್ಟ್' ಪ್ರೊಸೆಸ್ ಯಾಕೆ ಹೋಗುವುದಿಲ್ಲ?

ಸಾಗರದ ಅಡಿಕೆ ಮಂಡಿಯೊಂದರ ಲಿನಕ್ಸ್ ಸರ್ವರ್‌ನಲ್ಲಿ ಬಿಲ್ಲಿಂಗ್ ಪ್ರೋಗ್ರಾಮಿನ ಹಲವು ಪ್ರೊಸೆಸ್‌ಗಳು 'ಡಿಫಂಕ್ಟ್' ಎಂದು ಕೂತಿವೆ, ಪ್ರೊಸೆಸನ್ನು ಬಲವಂತವಾಗಿ ಕೊಲ್ಲುವ 'ಕಿಲ್ ಮೈನಸ್ 9' ಕಮಾಂಡ್ ಕೊಟ್ಟರೂ ಜಗ್ಗುತ್ತಿಲ್ಲ, ಮೆಮೊರಿ ತಿನ್ನುತ್ತಿವೆಯಾ, ರೀಬೂಟ್ ಬಿಟ್ಟು ಬೇರೆ ದಾರಿ ಇದೆಯಾ ಎಂದು ಕೇಳಿದ್ದೀರಿ. ದಾರಿ ಇದೆ. ಆದರೆ ಮಾರಾಯ್ರೆ, ನೀವು ಹೊಡೆಯುತ್ತಿರುವುದು ಆಗಲೇ ಸತ್ತದ್ದನ್ನು. ತೊಂದರೆ ಇರುವುದು ಅದರ ಪೇರೆಂಟ್‌ನಲ್ಲಿ, ಅಂದರೆ ಅದನ್ನು ಹುಟ್ಟಿಸಿದ ಪ್ರೊಸೆಸ್‌ನಲ್ಲಿ.

ಶಿವಮೊಗ್ಗದಲ್ಲಿ ಇಂಥ ಮಂಡಿಗಳ ಸರ್ವರ್ ನೋಡಿಕೊಳ್ಳುವುದೇ ನನ್ನ ಕೆಲಸ, ಹಾಗಾಗಿ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಪ್ರೊಸೆಸ್ ತಾನಾಗಿ ಎಕ್ಸಿಟ್ ಆದರೂ, ಸಿಗ್ನಲ್ ಬಿದ್ದು ಸತ್ತರೂ, ಮುಂದಿನ ಕೆಲಸವೆಲ್ಲ ಲಿನಕ್ಸ್‌ನ ತಿರುಳಾದ ಕರ್ನಲ್‌ನದು. ಮೆಮೊರಿ ವಾಪಸ್ ತೆಗೆದುಕೊಳ್ಳುತ್ತದೆ, ತೆರೆದಿದ್ದ ಫೈಲು, ಸಾಕೆಟ್ ಮುಚ್ಚುತ್ತದೆ, ಹಿಡಿದಿದ್ದ ಲಾಕ್ ಬಿಡಿಸುತ್ತದೆ. ಸತ್ತ ಪ್ರೊಸೆಸ್‌ಗೆ ಮಕ್ಕಳಿದ್ದರೆ ಸಾಮಾನ್ಯವಾಗಿ ಪಿಐಡಿ (ಪ್ರೊಸೆಸ್ ಸಂಖ್ಯೆ) 1ರ, ಅಂದರೆ ಸಿಸ್ಟಮ್‌ನ ಮೊದಲ ಪ್ರೊಸೆಸ್‌ನ, ಸುಪರ್ದಿಗೆ ಹೋಗುತ್ತವೆ. ಪೇರೆಂಟ್‌ಗೆ 'ಸಿಗ್‌ಚೈಲ್ಡ್' ಸಿಗ್ನಲ್ ಮೂಲಕ ಸುದ್ದಿ ಮುಟ್ಟುತ್ತದೆ. ಇಷ್ಟಾದ ಮೇಲೂ ಪ್ರೊಸೆಸ್ ಟೇಬಲ್‌ನ ಒಂದು ನಮೂದು ಮಾತ್ರ ಉಳಿಯುತ್ತದೆ: ಪಿಐಡಿ, ಎಕ್ಸಿಟ್ ಕೋಡ್, ಎಷ್ಟು ಸಿಪಿಯು ಸಮಯ ಬಳಸಿತೆಂಬ ಲೆಕ್ಕ. ಪೇರೆಂಟ್ 'ವೇಟ್' ಕರೆದು ಆ ಲೆಕ್ಕ ಪಡೆಯುವ ತನಕ ಅದು ಅಳಿಯುವುದಿಲ್ಲ. ಇದೇ ಝಾಂಬಿ; 'ಡಿಫಂಕ್ಟ್' ಎಂದು ಕಾಣುವುದೂ ಇದೇ. ಅಡಿಕೆ ಮಾರಾಟವಾಗಿ ಮೂಟೆ ಲಾರಿ ಹತ್ತಿ ಹೋಗಿದೆ, ಬೆಳೆಗಾರ ಬಂದು ಪಟ್ಟಿ ಒಯ್ಯದೆ ಗುಮಾಸ್ತರ ಮೇಜಿನ ಮೇಲೇ ಬಿದ್ದಿದೆ, ಅಷ್ಟೆ.

ಹಾಗಾಗಿ ಮೆಮೊರಿಯ ಚಿಂತೆ ಬೇಡ. ಖರ್ಚಾಗುವುದು ಪಿಐಡಿ, ಅದಕ್ಕೊಂದು ಮಿತಿ ಇದೆ; ಲಿನಕ್ಸ್‌ನಲ್ಲಿ ಬಹುಕಾಲ ಡೀಫಾಲ್ಟ್ ಆಗಿದ್ದದ್ದು 32768. ಹತ್ತಿಪ್ಪತ್ತು ಝಾಂಬಿ ಇದ್ದರೆ ಏನೂ ಆಗದು. ದಿನಾ ಏರುತ್ತಲೇ ಇದ್ದರೆ, ಯಾವತ್ತೋ ಒಂದು ದಿನ ಹೊಸ ಪ್ರೊಸೆಸ್ ಹುಟ್ಟುವುದೇ ನಿಲ್ಲುತ್ತದೆ.

ಪ್ರೊಸೆಸ್‌ಗಳ ಪಟ್ಟಿ ತೋರಿಸುವ ಪಿಎಸ್ ಕಮಾಂಡಿನ ಔಟ್‌ಪುಟ್‌ನಲ್ಲಿ 'ಪಿಪಿಐಡಿ' (ಪೇರೆಂಟ್‌ನ ಪಿಐಡಿ) ಕಾಲಂ ನೋಡಿ, ಆ ಪೇರೆಂಟ್‌ನ ಸರ್ವಿಸ್ ಒಂದನ್ನೇ ರೀಸ್ಟಾರ್ಟ್ ಮಾಡಿ. ಪೇರೆಂಟ್ ಹೋದರೆ ಝಾಂಬಿಗಳು ಪಿಐಡಿ 1ಕ್ಕೆ ಸೇರುತ್ತವೆ, ಅದು ತಕ್ಷಣ ವೇಟ್ ಕರೆದು ಚುಕ್ತಾ ಮಾಡುತ್ತದೆ. ಪ್ರೋಗ್ರಾಮನ್ನು ಪ್ರತ್ಯೇಕ ಕಂಟೇನರ್‌ನಲ್ಲಿಡುವ ಡಾಕರ್‌ನಲ್ಲಿ ಓಡಿಸುತ್ತಿದ್ದರೆ ಒಂದು ತಿರುವು: ಕಂಟೇನರ್ ಒಳಗೆ ನಿಮ್ಮ ಪ್ರೋಗ್ರಾಮೇ ಪಿಐಡಿ 1 ಆಗಿರಬಹುದು, ಅದಕ್ಕೆ ಈ ಜವಾಬ್ದಾರಿ ಗೊತ್ತೇ ಇರುವುದಿಲ್ಲ. 'ಇನಿಟ್' ಆಯ್ಕೆ ಕೊಟ್ಟು ಕಂಟೇನರ್ ಶುರು ಮಾಡಿ. ಶಾಶ್ವತ ಪರಿಹಾರ ಬೇಕಿದ್ದರೆ ಪ್ರೋಗ್ರಾಮ್ ಬರೆದವರ ಬೆನ್ನು ಹತ್ತಿ ವೇಟ್ ಸೇರಿಸಿಕೊಳ್ಳಬೇಕು.

ಪಿಎಸ್‌ನ ಸ್ಟೇಟ್ ಕಾಲಂನಲ್ಲಿ 'ಝಡ್' (ಝಾಂಬಿ) ಬದಲು 'ಡಿ' ಇದ್ದರೆ ಕಾಯಿಲೆಯೇ ಬೇರೆ. ಆ ಪ್ರೊಸೆಸ್ ಬದುಕಿದೆ. ಡಿಸ್ಕ್‌ನಿಂದಲೋ ನೆಟ್‌ವರ್ಕ್ ಫೈಲ್ ಸಿಸ್ಟಮ್‌ನಿಂದಲೋ ಉತ್ತರ ಕಾಯುತ್ತ ಕರ್ನಲ್ ಒಳಗೆ ಸಿಕ್ಕಿಕೊಂಡಿದೆ. ಮೊದಲು ಡಿಸ್ಕ್ ನೋಡಿ.

ಕೇಳದಿದ್ದರೂ ಒಂದು ಮಾತು. ಮೊದಲ ಏಟಿಗೇ ಸಿಗ್ನಲ್ 9 ಬೇಡ, ಮೊದಲು 15 (ಕೆಲಸ ಮುಗಿಸಿ ಹೊರಡು ಎಂಬ ಸಿಗ್ನಲ್) ಕಳಿಸಿ. 15 ಬಂದರೆ ಪ್ರೋಗ್ರಾಮು ಅರ್ಧಕ್ಕೆ ನಿಂತ ಬಿಲ್ ಬರೆದು, ತನ್ನ ಲಾಕ್ ಫೈಲ್ ಅಳಿಸಿ ಹೋಗಬಹುದು. 9 ಅನ್ನು ಯಾವ ಪ್ರೋಗ್ರಾಮೂ ತಡೆಯಲಾಗದು. ಅದರ ಬಫರ್‌ನಲ್ಲಿ ಬರೆಯದೆ ಉಳಿದದ್ದು ಹೋದಂತೆಯೇ. ಕರ್ನಲ್ ಲಾಕ್ ಬಿಡಿಸುತ್ತದೆ ನಿಜ, ಪ್ರೋಗ್ರಾಮು ಮಾಡಿಟ್ಟ ಲಾಕ್ ಫೈಲನ್ನು ಅಳಿಸುವುದಿಲ್ಲ. 'ಇನ್ನೊಬ್ಬರು ಬಳಸುತ್ತಿದ್ದಾರೆ' ಎಂದು ಬಿಲ್ಲಿಂಗ್ ತೆರೆಯದೆ ಸತಾಯಿಸುವುದು ಹೆಚ್ಚಾಗಿ ಇದರಿಂದಲೇ. ಲಿನಕ್ಸ್‌ನಲ್ಲಿ ಸರ್ವಿಸ್‌ಗಳನ್ನು ನೋಡಿಕೊಳ್ಳುವ ಸಿಸ್ಟಮ್‌ಡಿ ಕೂಡ ಸರ್ವಿಸ್ ನಿಲ್ಲಿಸುವಾಗ ಮೊದಲು 15 ಕಳಿಸಿ, ಡೀಫಾಲ್ಟ್ ಆಗಿ 90 ಸೆಕೆಂಡು ಕಾದು, ಆಮೇಲೆ 9 ಕಳಿಸುತ್ತದೆ.

ನಮ್ಮ ಮಲೆನಾಡಿನ ಮಳೆಗಾಲದಲ್ಲಿ ಕರೆಂಟು ಹೋದಾಗ 15ಕ್ಕೂ 9ಕ್ಕೂ ಪುರುಸೊತ್ತಿರುವುದಿಲ್ಲ. ಯುಪಿಎಸ್ ಎಲ್ಲ ಮಂಡಿಯಲ್ಲೂ ಕಾಣುತ್ತೇನೆ. ಅದರ ಹಿಂದಿನ ಯುಎಸ್‌ಬಿ ಪೋರ್ಟಿನಿಂದ ಸರ್ವರ್‌ಗೆ ಕೇಬಲ್ ಎಳೆದವರು ಅಪರೂಪ. ಆ ಕೇಬಲ್ ಇದ್ದು ಸರ್ವರ್‌ನಲ್ಲಿ ಯುಪಿಎಸ್ ಸಾಫ್ಟ್‌ವೇರ್ ಹಾಕಿದ್ದರೆ, ಬ್ಯಾಟರಿ ಮುಗಿಯುವ ಮುಂಚೆ ಸರ್ವರ್ ಕ್ರಮವಾಗಿ ಶಟ್‌ಡೌನ್ ಆಗುತ್ತದೆ.

ರೀಸ್ಟಾರ್ಟ್ ಮಾಡುವ ಮುಂಚೆ ಲಾಗ್‌ನಲ್ಲಿ ಎಕ್ಸಿಟ್ ಕೋಡ್ 137 ಇದೆಯಾ ನೋಡಿ. 128ಕ್ಕೆ 9 ಸೇರಿಸಿದ ಲೆಕ್ಕ ಅದು, ಅಂದರೆ ಸಿಗ್ನಲ್ 9ರಿಂದ ಸತ್ತಿದೆ. ಯಾರೂ ಕಿಲ್ ಕೊಡದೆ 137 ಬಂದಿದ್ದರೆ ಮೆಮೊರಿ ಸಾಲದೆ ಕರ್ನಲೇ ಕೊಂದಿರಬಹುದು; ಕರ್ನಲ್ ಲಾಗ್‌ನಲ್ಲಿ 'ಔಟ್ ಆಫ್ ಮೆಮೊರಿ' ಸಾಲು ಹುಡುಕಿ. ಸಿಕ್ಕರೆ ಆ ಸಾಲು, ಪಿಎಸ್ ಔಟ್‌ಪುಟ್ ಎರಡನ್ನೂ ಇಲ್ಲೇ ಹಾಕಿ, ನೋಡೋಣ.