ಹೊಸ ಆಫರ್ ಬಂದಿದೆ, ಈ ಕೆಲಸ ಬಿಡಲಾ?

ಪ್ರಶ್ನೆ: ಬೆಂಗಳೂರಿನ ಐಟಿ ಕಂಪನಿಯೊಂದರಲ್ಲಿ ಟೆಸ್ಟರ್ ಆಗಿದ್ದೇನೆ. ಸೇರಿ 4 ವರ್ಷ 8 ತಿಂಗಳಾಯಿತು. ಸಿಟಿಸಿ (ವರ್ಷಕ್ಕೆ ಕಂಪನಿ ನನಗೆ ಮಾಡುವ ಒಟ್ಟು ಖರ್ಚು) 8 ಲಕ್ಷ, ವೇರಿಯಬಲ್ (ಸಾಧನೆ ನೋಡಿ ಕೊಡುವ ಭಾಗ) ಇಲ್ಲ. ಮ್ಯಾನೇಜರ್ ಜೊತೆ ಒಂದು ವರ್ಷದಿಂದ ಸರಿಹೋಗುತ್ತಿಲ್ಲ. ಈಗ ಇನ್ನೊಂದು ಕಡೆ 11 ಲಕ್ಷಕ್ಕೆ ಆಫರ್ ಬಂದಿದೆ. ಅದರಲ್ಲಿ ವೇರಿಯಬಲ್ 1.5 ಲಕ್ಷ, ಜಾಯಿನಿಂಗ್ ಬೋನಸ್ 1 ಲಕ್ಷ. ಕೆಲಸ ನೈಟ್ ಶಿಫ್ಟ್ ಸಪೋರ್ಟ್. ನನ್ನ ನೋಟಿಸ್ ಪೀರಿಯಡ್ 90 ದಿನ. ನಾಳೆಯೇ ರಿಸೈನ್ ಮಾಡಲಾ?
– ಓದುಗರೊಬ್ಬರು, ಬೆಂಗಳೂರು

ಉತ್ತರ: ನಾಳೆ ಬೇಡ. ಇವತ್ತು ರಾತ್ರಿ ಆಫರ್ ಲೆಟರ್ ಮತ್ತು ಒಂದು ಪೆನ್ನು ಹಿಡಿದು ಕೂತುಕೊಳ್ಳಿ.

ವೇರಿಯಬಲ್ ಪೂರ್ತಿ ಬರುತ್ತದೆ ಅಂತ ಯಾರೂ ಗ್ಯಾರಂಟಿ ಕೊಡಲ್ಲ, ಅದನ್ನು ಕಳೆಯಿರಿ. ಜಾಯಿನಿಂಗ್ ಬೋನಸ್ ಒಂದೇ ಸಲದ್ದು. ಬೇಗ ಬಿಟ್ಟರೆ ವಾಪಸ್ ಕಟ್ಟಬೇಕು ಅನ್ನುವ ಷರತ್ತೂ ಸಾಮಾನ್ಯವಾಗಿ ಇರುತ್ತದೆ. ಎರಡನ್ನೂ ಕಳೆದರೆ ಉಳಿಯುವುದು 8.5 ಲಕ್ಷ. ಅಂದರೆ ತಿಂಗಳಿಗೆ ಸುಮಾರು 4,000 ರೂಪಾಯಿ ಜಾಸ್ತಿ. ಅಷ್ಟಕ್ಕೆ ರಾತ್ರಿ ನಿದ್ದೆ ಬಿಡಬೇಕಾ?

ಇನ್ನು ತಾರೀಖು ನೋಡಿ. ಕಾಯಂ ನೌಕರರಿಗೆ ಗ್ರಾಚುಟಿ (ಕೆಲಸ ಬಿಡುವಾಗ ಕಂಪನಿ ಕೊಡುವ ಇಡುಗಂಟು) ಸಿಗುವುದು 5 ವರ್ಷ ಸರ್ವಿಸ್ ಆದ ಮೇಲೆ. ಕೊನೆಯ ತಿಂಗಳ ಬೇಸಿಕ್ (ಮೂಲ ವೇತನ) ಮತ್ತು ಡಿಎ (ತುಟ್ಟಿಭತ್ಯೆ) ಸೇರಿಸಿ 15ರಿಂದ ಗುಣಿಸಿ, 26ರಿಂದ ಭಾಗಿಸಿ, ವರ್ಷಗಳಿಂದ ಗುಣಿಸಬೇಕು. ಬೇಸಿಕ್ 35,000 ಇದ್ದರೆ ಸುಮಾರು 1 ಲಕ್ಷ! ನೋಟಿಸ್ ಪೀರಿಯಡ್ ಕೂಡ ಸರ್ವಿಸ್‌ಗೆ ಸೇರುತ್ತದೆ. ನಾಳೆ ರಿಸೈನ್ ಮಾಡಿದರೆ 4 ವರ್ಷ 11 ತಿಂಗಳಿಗೆ ಹೊರಗೆ ಬರುತ್ತೀರಿ. ಬರೀ ಒಂದು ತಿಂಗಳು ತಡೆಯಿರಿ. ಯಾವ ಕಂಪನಿಗೆ ಹೋದರೂ ಜಾಯಿನಿಂಗ್ ಡೇಟ್ ಅದಕ್ಕೆ ತಕ್ಕಂತೆ ಕೇಳಿ, ಕೇಳುವುದರಲ್ಲಿ ತಪ್ಪೇನಿಲ್ಲ.

ನನಗೆ ಹೆಚ್ಚು ಚಿಂತೆ ಇರುವುದು ಕೆಲಸದ ಬಗ್ಗೆ. ಸಪೋರ್ಟ್‌ನಲ್ಲಿ ಎರಡು ವರ್ಷ ಟಿಕೆಟ್ (ಬಳಕೆದಾರರ ದೂರು) ಕ್ಲೋಸ್ ಮಾಡುತ್ತಾ ಕೂತರೆ, ಮುಂದಿನ ಇಂಟರ್‌ವ್ಯೂನಲ್ಲಿ ಆಟೊಮೇಷನ್ (ಪ್ರೋಗ್ರಾಂ ಬರೆದು ಟೆಸ್ಟ್ ಮಾಡುವುದು) ಬಗ್ಗೆ ಕೇಳಿದಾಗ ಏನು ಹೇಳುತ್ತೀರಿ? ಐದು ವರ್ಷದ ಟೆಸ್ಟಿಂಗ್ ಅನುಭವ ಸುಮ್ನೆ ಹಳೆಯದಾಗುತ್ತದೆ. ಹಾಗಾಗಿ ಈ ಆಫರ್ ಬೇಡ ಅಂತಲೇ ನನ್ನ ಸಲಹೆ.

ಮ್ಯಾನೇಜರ್ ಕಿರಿಕಿರಿ ಸಣ್ಣದು ಅಂತ ನಾನು ಹೇಳುತ್ತಿಲ್ಲ. ಒಂದು ವರ್ಷ ಅದನ್ನು ಸಹಿಸಿದ್ದೀರಿ, ಅದರ ಭಾರ ಅರ್ಥವಾಗುತ್ತದೆ. ಆದರೆ ಬೇಜಾರು ಕಂಪನಿಯ ಮೇಲಾ, ಒಬ್ಬ ವ್ಯಕ್ತಿಯ ಮೇಲಾ? ವ್ಯಕ್ತಿಯ ಮೇಲಾದರೆ ಬೇರೆ ಪ್ರಾಜೆಕ್ಟ್‌ಗೆ ಹಾಕಿ ಅಂತ ಎಚ್‌ಆರ್‌ಗೆ ಈ ವಾರವೇ ಮೇಲ್ ಮಾಡಿ. ಜೊತೆಗೆ ಟೆಸ್ಟಿಂಗ್ ಕೆಲಸವನ್ನೇ ಹುಡುಕುತ್ತಿರಿ. ಅಂಥ ಆಫರ್ ಕೈಗೆ ಬರುವ ತನಕ ರಿಸೈನ್ ಮಾಡಬೇಡಿ.

ಬಿಡುವಾಗ ಪಿಎಫ್ ತೆಗೆಯಬೇಡಿ, ಅದೇ ಯುಎಎನ್ (ಕಂಪನಿ ಬದಲಾದರೂ ಬದಲಾಗದ ಪಿಎಫ್ ನಂಬರ್) ಅಡಿಯಲ್ಲಿ ಹೊಸ ಕಂಪನಿಯ ಖಾತೆಗೆ ವರ್ಗಾಯಿಸಿ. ಪಿಎಫ್ ಪೆನ್ಷನ್‌ಗೆ 10 ವರ್ಷದ ಸರ್ವಿಸ್ ಬೇಕು, ನೀವು ಆ ಪೆನ್ಷನ್ ಯೋಜನೆಯಲ್ಲಿದ್ದರೆ ಆಗಲೇ ಹೆಚ್ಚುಕಡಿಮೆ ಅರ್ಧ ದಾರಿ ಬಂದಿದ್ದೀರಿ.