ಅನಂತವೇ ಮನುಷ್ಯನ ಅತ್ಯಂತ ಬಲವಾದ ಕಲ್ಪನೆಯೇ?

ನೀವು ಕೇಳಿದ್ದು ಎರಡು ವಿಷಯ: ಅನಂತಕ್ಕಿಂತ ಬಲವಾದ ಕಲ್ಪನೆ ಮನುಷ್ಯನ ಬಳಿ ಬೇರೆ ಇದೆಯೇ, ಮತ್ತು ಎಣಿಸಿ ಮುಗಿಯದ್ದರ ಬಗ್ಗೆ ಖಚಿತವಾಗಿ ಮಾತಾಡುವುದಾದರೂ ಹೇಗೆ. ಎರಡನೆಯದು ಬಿಡಿಸಿದರೆ ಮೊದಲನೆಯದೂ ಬಿಡಿಸಿಕೊಳ್ಳುತ್ತದೆ, ಹಾಗಾಗಿ ಅಲ್ಲಿಂದಲೇ ಹೊರಡುತ್ತೇನೆ.

ಉಡುಪಿ ಕಡೆಯ ಯಾವುದೇ ದೇವಸ್ಥಾನದ ಊಟದ ಪಂಕ್ತಿ ನೋಡಿ. ಎಲೆ ಹಾಕಿ ಆಗಿದೆ, ಜನ ಕೂತಿದ್ದಾರೆ. ಖಾಲಿ ಎಲೆ ಇಲ್ಲ, ಎಲೆ ಸಿಗದೆ ನಿಂತವರೂ ಇಲ್ಲ. ಎಲೆ ಎಷ್ಟು, ತಲೆ ಎಷ್ಟು ಎಂದು ಯಾರೂ ಎಣಿಸಿಲ್ಲ. ಆದರೂ ಎರಡೂ ಸಮ ಎಂದು ಬಡಿಸುವವರಿಗೆ ಗೊತ್ತು. ಹೀಗೆ ಜೋಡಿ ಹಾಕುವುದು ಎಣಿಕೆಗಿಂತ ಹಳೆಯದು, ಎಣಿಕೆ ಕೈಚೆಲ್ಲುವಲ್ಲಿಯೂ ನಡೆಯುತ್ತದೆ. ಅತ್ಯಂತ ಬಲವಾದ ಕಲ್ಪನೆ ಯಾವುದೆಂದರೆ ನಾನು ಈ ಜೋಡಿಯನ್ನೇ ಹೇಳುತ್ತೇನೆ. ಅನಂತ ನಮ್ಮ ಹಿಡಿತಕ್ಕೆ ಬಂದದ್ದು ಇದರಿಂದ.

ಮೊದಲು ಒಂದು ವ್ಯತ್ಯಾಸ. ಉಡುಪಿ ಕೃಷ್ಣಮಠದ ಪರ್ಯಾಯ, ಅಂದರೆ ಪೂಜೆಯ ಸರದಿ, ಎರಡು ವರ್ಷಕ್ಕೊಮ್ಮೆ ಒಂದು ಮಠದಿಂದ ಇನ್ನೊಂದಕ್ಕೆ ಹೋಗುತ್ತದೆ. ಎಂಟು ಮಠ, 16 ವರ್ಷಕ್ಕೆ ಒಂದು ಸುತ್ತು. ಇಂಥದ್ದು ಕೊನೆಯ ಸುತ್ತು ಎಂದು ಎಲ್ಲೂ ಇಲ್ಲ. ಆದರೆ ಯಾವ ದಿನ ನಿಂತು ನೋಡಿದರೂ ಆಗಿಹೋದ ಸುತ್ತುಗಳು ಲೆಕ್ಕಕ್ಕೆ ಸಿಗುವಷ್ಟೇ. ಇದು ಮುಗಿಯದೆ ಸಾಗುವ ಅನಂತ, ಅರಿಸ್ಟಾಟಲ್ ಒಪ್ಪಿದ್ದು ಇದನ್ನು ಮಾತ್ರ. 1, 2, 3… ಎಲ್ಲವನ್ನೂ ಒಟ್ಟಿಗೆ ಹಿಡಿದು ‘ಇದೊಂದು ಸಮೂಹ’ ಎನ್ನುವುದು ಬೇರೆ ಧೈರ್ಯದ ಮಾತು. ಮುಂದೆ ಜೋಡಿ ಹಾಕುವ ಮಾತೆಲ್ಲ ಈ ಎರಡನೆಯ ಬಗೆಯದು.

ಈಗ ಪಂಕ್ತಿಗೆ ಕೊನೆಯೇ ಇಲ್ಲ ಎಂದುಕೊಳ್ಳಿ. ಎಲೆಗಳಿಗೆ 1, 2, 3 ಎಂದು ನಂಬರು, ಜನರಿಗೂ ಹಾಗೆಯೇ. ಒಂದನೆಯವರು 2ನೇ ಎಲೆಗೆ, ಎರಡನೆಯವರು 4ಕ್ಕೆ, ಮೂರನೆಯವರು 6ಕ್ಕೆ ಕೂತರು. ಬೆಸ ನಂಬರಿನ ಎಲೆಗಳೆಲ್ಲ ಖಾಲಿ. ಹಾಗಾದರೆ ಎಲೆ ಹೆಚ್ಚು, ಜನ ಕಡಿಮೆಯೇ? ಅಲ್ಲ. ಅದೇ ಜನ ತಮ್ಮ ತಮ್ಮ ನಂಬರಿನ ಎಲೆಗೆ ಕೂತರೆ ಒಂದೂ ಉಳಿಯುವುದಿಲ್ಲ. ಹೆಚ್ಚಿನವರು ಎಡವುವುದು ಇಲ್ಲಿಯೇ: ಒಂದು ರೀತಿಯಲ್ಲಿ ಜೋಡಿ ಹಾಕಿದಾಗ ಏನೋ ಉಳಿಯಿತು ಎಂದರೆ ಅದು ದೊಡ್ಡದು ಎಂದು ಸಾಬೀತಾಗುವುದಿಲ್ಲ. ಯಾವ ರೀತಿಯಲ್ಲಿ ಜೋಡಿ ಹಾಕಿದರೂ ಉಳಿದೇ ಉಳಿಯುತ್ತದೆ ಎಂದು ತೋರಿಸಬೇಕು. ಗೆಲಿಲಿಯೊ 1638ರಲ್ಲಿ ಸಂಖ್ಯೆಗಳನ್ನೂ ಅವುಗಳ ವರ್ಗಗಳನ್ನೂ (1, 4, 9…) ಹೀಗೆ ಜೋಡಿಸಿ ನೋಡಿ, ಅನಂತಕ್ಕೆ ಹೆಚ್ಚು ಕಡಿಮೆ ಎಂಬ ಮಾತೇ ಹೊಂದುವುದಿಲ್ಲ ಎಂದು ನಿಲ್ಲಿಸಿಬಿಟ್ಟ.

ಅವನಿಗಿಂತ ಎಷ್ಟೋ ಮೊದಲು ಇದೇ ಉಪಾಯ ಹೊಳೆದದ್ದು ಜೈನ ಮುನಿ ವೀರಸೇನಾಚಾರ್ಯರಿಗೆ, 9ನೇ ಶತಮಾನದಲ್ಲಿ. ಜೈನ ಗ್ರಂಥ ಷಟ್ಖಂಡಾಗಮಕ್ಕೆ ಅವರು ಬರೆದ ಧವಳಾ ಟೀಕೆಯ ಹಳೆಯ ತಾಳೆಗರಿಗಳು ಉಳಿದುಬಂದದ್ದು ನಮ್ಮ ಮೂಡುಬಿದಿರೆಯ ಬಸದಿಯಲ್ಲಿ. ಮಂಗಳೂರಿನಿಂದ ಕಾರ್ಕಳಕ್ಕೆ ಹೋಗುವ ದಾರಿಯಲ್ಲಿಯೇ ಉಂಟು. ಕಳೆದುಹೋದ ಕಾಲದ ‘ಸಮಯ’ಗಳನ್ನು (ಕಾಲದ ಅತಿ ಚಿಕ್ಕ ತುಣುಕುಗಳನ್ನು) ಒಂದು ಕಡೆ ಇಡಿ, ಜೀವರಾಶಿಯನ್ನು ಇನ್ನೊಂದು ಕಡೆ. ಎರಡರಿಂದಲೂ ಒಂದೊಂದಾಗಿ ತೆಗೆಯುತ್ತ ಬನ್ನಿ. ಸಮಯಗಳು ಮುಗಿಯುತ್ತವೆ, ಜೀವಗಳು ಮುಗಿಯುವುದಿಲ್ಲ ಎನ್ನುತ್ತದೆ ಧವಳಾ. ಈ ತೀರ್ಮಾನಕ್ಕೆ ಇಂದಿನ ಗಣಿತ ಮೇಲೆ ಹೇಳಿದ ಇನ್ನೊಂದು ಮೆಟ್ಟಿಲು ಕೇಳುತ್ತದೆ, ನಿಜ. ಆದರೆ ಎರಡು ಅನಂತಗಳನ್ನು ಎಣಿಸದೆ ಎದುರುಬದುರು ಇಟ್ಟು ತೂಗಬಹುದು ಎಂಬ ಯೋಚನೆ ಅಷ್ಟು ಹಿಂದೆ ಬಂದದ್ದೇ ನನಗೆ ದೊಡ್ಡದಾಗಿ ಕಾಣುತ್ತದೆ.

ಆ ಮೆಟ್ಟಿಲು ಹತ್ತಿದ್ದು ಜರ್ಮನಿಯ ಗಣಿತಜ್ಞ ಕ್ಯಾಂಟರ್. ಅವರ 1891ರ ರುಜುವಾತನ್ನು ಒಂದು ಕಾಗದ ಹಿಡಿದು ಮಾಡಿ ನೋಡಿ, ಓದಿ ಬಿಡಬೇಡಿ. 0 ಮತ್ತು 1ರ ನಡುವಿನ ಎಲ್ಲ ದಶಮಾಂಶಗಳನ್ನೂ ಯಾರೋ ಸಾಲಾಗಿ ಪಟ್ಟಿ ಮಾಡಿ ತಂದಿದ್ದಾರೆ ಎಂದುಕೊಳ್ಳಿ. ಮೊದಲ ನಾಲ್ಕು ಸಾಲು:

0.5183…
0.3072…
0.7716…
0.2494…

ಮೊದಲ ಸಾಲಿನ ಒಂದನೇ ಅಂಕಿ 5, ಎರಡನೆಯದರ ಎರಡನೇ ಅಂಕಿ 0, ಮೂರನೆಯದರ ಮೂರನೇ ಅಂಕಿ 1, ನಾಲ್ಕನೆಯದರ ನಾಲ್ಕನೇ ಅಂಕಿ 4. ಅಲ್ಲಿ 5 ಇದ್ದರೆ 6 ಬರೆಯಿರಿ, ಬೇರೆ ಏನಿದ್ದರೂ 5 ಬರೆಯಿರಿ. 0.6555… ಬಂತು. ಇದು ಮೊದಲ ಸಾಲಿಗೆ ಒಂದನೇ ಸ್ಥಾನದಲ್ಲಿ ತಾಳೆಯಾಗದು, ಎರಡನೆಯದಕ್ಕೆ ಎರಡನೇ ಸ್ಥಾನದಲ್ಲಿ; ಲಕ್ಷದ ಸಾಲಿಗೆ ಲಕ್ಷದ ಸ್ಥಾನದಲ್ಲಿ. ಅಂದರೆ ಪಟ್ಟಿಯಲ್ಲಿ ಇದು ಇಲ್ಲ. ‘ಸರಿ, ಅದನ್ನೂ ಸೇರಿಸಿಬಿಡೋಣ’ ಎಂದರೆ ಹೊಸ ಪಟ್ಟಿಗೂ ಇದೇ ನಿಯಮ ಹಾಕಿ ಇನ್ನೊಂದು ತೆಗೆಯಬಹುದು. ಯಾವ ಪಟ್ಟಿಯೂ ಸಾಲದು. ಪಟ್ಟಿ ಮಾಡುವುದೆಂದರೆ 1, 2, 3ರ ಜೊತೆ ಜೋಡಿ ಹಾಕುವುದೇ; ಹೇಗೆ ಜೋಡಿಸಿದರೂ ದಶಮಾಂಶಗಳು ಉಳಿದೇ ಉಳಿಯುತ್ತವೆ, ಹಾಗಾಗಿ ಅವುಗಳ ಅನಂತವೇ ದೊಡ್ಡದು.

5 ಮತ್ತು 6 ಮಾತ್ರ ಏಕೆ? 0.4999… ಎಂಬುದೂ 0.5 ಎಂಬುದೂ ಒಂದೇ ಸಂಖ್ಯೆ. 0 ಅಥವಾ 9 ಬಳಸಿದರೆ, ಬರೆಯಲು ಬೇರೆಯಾಗಿ ಕಂಡರೂ ಬೆಲೆ ಒಂದೇ ಆಗಿ ರುಜುವಾತು ಸೋರಬಹುದು. ಇನ್ನೊಂದು ಸಂಶಯ ಬಹಳ ಜನರಿಗೆ ಬರುತ್ತದೆ: ಇದೇ ಆಟವನ್ನು 1, 2, 3ರ ಮೇಲೆ ಆಡಿದರೆ ಅವೂ ಪಟ್ಟಿಗೆ ಸಿಗದಂತಾಗಬೇಕಲ್ಲ? ಆಗುವುದಿಲ್ಲ. ಪೂರ್ಣಾಂಕಕ್ಕೆ ಎಷ್ಟೇ ಉದ್ದವಿದ್ದರೂ ಕೊನೆಯ ಅಂಕಿ ಎಂಬುದು ಇದೆ. ನೀವು ಕಟ್ಟುವ ಸಾಲಿಗೆ ಕೊನೆ ಇಲ್ಲ, ಹಾಗಾಗಿ ಅದು ಪೂರ್ಣಾಂಕವೇ ಅಲ್ಲ.

ಅನಂತವನ್ನು ಸಾಮಾನ್ಯ ಸಂಖ್ಯೆಯಂತೆ ಕೂಡಿಸಿ ಗುಣಿಸಲು ಹೋಗಬೇಡಿ. 1/0 ಮತ್ತು 2/0 ಎರಡೂ ಒಂದೇ ಅನಂತ ಎಂದು ಬರೆದು ಸೊನ್ನೆಯನ್ನು ಆಚೆಗೆ ಸಾಗಿಸಿದರೆ 1 = 2 ಆಗುತ್ತದೆ. 12ನೇ ಶತಮಾನದ ಭಾಸ್ಕರಾಚಾರ್ಯರು ಸೊನ್ನೆಯಿಂದ ಭಾಗಿಸಿದ ಇಂಥದ್ದನ್ನು ‘ಖಹರ’ ಎಂದರು. ಪ್ರಳಯದಲ್ಲಿ ಜೀವಗಳು ಒಳಹೊಕ್ಕರೂ ಸೃಷ್ಟಿಯಲ್ಲಿ ಹೊರಬಂದರೂ ಅಚ್ಯುತನಲ್ಲಿ ಹೆಚ್ಚು ಕಡಿಮೆ ಆಗದ ಹಾಗೆ, ಕೂಡಿಸಿದರೂ ಕಳೆದರೂ ಅದು ಬದಲಾಗದು ಎಂದರು. ಹೋಲಿಕೆ ಸುಂದರ, ಆದರೆ ಅದನ್ನು ಹಿಡಿದು ಭಾಗಾಕಾರ ಮಾಡಲಾಗದು.

ಹಾಗಾದರೆ ಅನಂತದಿಂದ ಕೆಲಸ ಏನಾಗುತ್ತದೆ? 14ನೇ ಶತಮಾನದ ಕೇರಳದ ಮಾಧವನ ಸರಣಿಯನ್ನೇ ತೆಗೆದುಕೊಳ್ಳಿ: 1 − 1/3 + 1/5 − 1/7…, ಇದರ ನಾಲ್ಕು ಪಟ್ಟು ಪೈ. ಪದಗಳಿಗೆ ಕೊನೆ ಇಲ್ಲ, ಸರಣಿಯೂ ಬಲು ನಿಧಾನ: ಹತ್ತು ಪದ ಕೂಡಿಸಿ ನಾಲ್ಕರಿಂದ ಗುಣಿಸಿದರೆ 3.04184 ಮಾತ್ರ, ಮೊದಲ ದಶಮಾಂಶವೇ ತಪ್ಪು. ಬರೇ ಕೂಡಿಸುತ್ತ ಕೂತರೆ ಸಾವಿರ ಪದಕ್ಕೂ 3.1406. ಆದರೆ ಅದೇ ಪರಂಪರೆಯಲ್ಲಿ, ನಿಲ್ಲಿಸಿದ ಜಾಗದಲ್ಲಿ ಸೇರಿಸಲು ಒಂದು ತಿದ್ದುಪಡಿ ಇದೆ. n ಪದಗಳಿಗೆ ನಿಲ್ಲಿಸಿದರೆ n/(4n²+1). ಹತ್ತಕ್ಕೆ ಅದು 10/401. n ಸಮಸಂಖ್ಯೆಯಾದರೆ ಕೊನೆಯ ಪದ ಕಳೆದದ್ದಾಗಿರುತ್ತದೆ, ಆಗ ತಿದ್ದುಪಡಿಯನ್ನು ಕೂಡಿಸಬೇಕು, ಬೆಸವಾದರೆ ಕಳೆಯಬೇಕು. ಈ ಚಿಹ್ನೆ ತಪ್ಪಿದರೆ ಉತ್ತರ ಇನ್ನೂ ದೂರ ಹೋಗುತ್ತದೆ. 10/401ರ ನಾಲ್ಕು ಪಟ್ಟು 0.09975, ಕೂಡಿಸಿದರೆ 3.14159. ಉಳಿದ ಪದಗಳಲ್ಲಿ ಒಂದನ್ನೂ ಮುಟ್ಟದೆ, ಅವೆಲ್ಲ ಸೇರಿ ಎಷ್ಟಾಗಬಹುದೆಂದು ಅಳೆದು ಕೊಟ್ಟದ್ದು ಆ ಒಂದು ಭಿನ್ನರಾಶಿ.